ತಳ ಹಿಡಿದದ್ದು

ಕೊಪ್ಪರಿಗೆ ಸಿಕ್ಕಿತು ಎಂದೊಡನೆ
ಊರು ಕೇಳಿದ್ದು ಒಂದೇ ಮಾತು:
ಒಳಗೇನಿತ್ತು?

ನಾಗಮಂಗಲದಾಚೆ, ಕೆರೆ ಹೂಳೆತ್ತುವಾಗ
ಸಣ್ಣತಾಯಮ್ಮನ ಗುದ್ದಲಿಗೆ ಠಣ್ಣೆಂದದ್ದು
ಬೋರಲು ಬಿದ್ದ ತಾಮ್ರ.
ಕೆಲಸ ನಿಂತಿತು. ಹಾವು ಕಾಯ್ಕೊಂಡಿರ್ತದೆ, ಮುಟ್ಟಬೇಡಿ ಎಂದರು ಕೆಲವರು.
ಏಳರಲ್ಲಿ ಇದೊಂದು, ಇನ್ನಾರು ಎಲ್ಲಿ ಎಂದು
ಏರಿಯ ಮೇಲೆ ರಾತ್ರಿಯೆಲ್ಲ ಬ್ಯಾಟರಿ ಬೆಳಕು ಓಡಾಡಿತು.
ತಹಶೀಲ್ದಾರರು ಬಂದರು, ಪಂಚನಾಮೆ ಆಯಿತು,
ಗೋಣಿಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ
ಮೈಸೂರಿಗೆ, ನನ್ನ ಮೇಜಿಗೆ ಕಳಿಸಿದರು.

ಅಳೆಯುವುದು, ಕಿಲುಬು ಬಿಡಿಸುವುದು, ಬರೆಯುವುದು ನನ್ನ ಕೆಲಸ.
ಬಾಯಿ ಐವತ್ತೆರಡು ಸೆಂಟಿಮೀಟರ್.
ಕಿವಿ ಎರಡು, ಒಂದು ಮುರಿದಿದೆ.
ಕಾಲ: ಹೊಯ್ಸಳರ ಕೊನೆಗಾಲ, ಬಹುಶಃ.
ಈ ‘ಬಹುಶಃ’ ಬರೆದೂ ಬರೆದೂ
ಅದಕ್ಕೇ ಒಂದು ರಬ್ಬರ್ ಮೊಹರು ಮಾಡಿಸೋಣ ಅನ್ನಿಸಿದ್ದುಂಟು.

ಮೂರನೆಯ ವಾರ, ಹಸಿರಿನ ಕೆಳಗೆ, ತೇಪೆ ಕಂಡಿತು.
ಕಲಾಯಿ ದಸ್ತಗೀರ್ ಸಾಹೇಬರನ್ನು ಕರೆಸಿದೆ.
ಅವರು ಕನ್ನಡಕ ಹಣೆಗೇರಿಸಿ ಬೆರಳಲ್ಲೇ ನೋಡಿದರು.
ಐದು ಮೊಳೆ. ಏಟೆಲ್ಲ ಎಡದಿಂದ ಬಿದ್ದಿದೆ.
ಎಡಚ. ಆತುರದವನಲ್ಲ.
ಕೂಲಿಯಲ್ಲಿ ಚೌಕಾಸಿ ಮಾಡಿದ್ದಾರೆ ಮೇಡಂ,
ಆರನೇ ಮೊಳೆ ಹೊಡೆದೇ ಇಲ್ಲ ನೋಡಿ.
ನಾನು ಬರೆದದ್ದು: ಹಳೆಯ ದುರಸ್ತಿ, ಮೊಳೆ ಐದು.
ಎಡಗೈಗೆ ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ತೇಪೆಯ ಒಳಬದಿಗೆ, ಕರ್ರಗೆ, ಅಂಗೈಯಗಲ
ಏನೋ ಕಚ್ಚಿಕೊಂಡಿತ್ತು.

ಅಷ್ಟರಲ್ಲಿ ಸಣ್ಣತಾಯಮ್ಮ ಬಂದಳು,
ಕೆಂಪು ಬಸ್ಸಿಳಿದು, ಸೆರಗಲ್ಲಿ ಜಾಬ್ ಕಾರ್ಡು ಕಟ್ಟಿಕೊಂಡು.
ಹೆಗಲ ಮೇಲಿನ ತಗ್ಗು ಅವಳ ಏಟಿನದು,
ದಂಡ ಹಾಕ್ತಾರೆ ಎಂದು ಮೇಸ್ತ್ರಿ ಹೆದರಿಸಿದ್ದನಂತೆ.
ಯಾರೂ ಹಾಕೋದಿಲ್ಲಮ್ಮ ಎಂದು
ಬರೆದದ್ದನ್ನು ಓದಿ ಹೇಳಿದೆ:
‘ಇತ್ತೀಚಿನ ಗಾಯ, ಒಂದು.’
ಗಾಯ ಅಂತ ಬರ್ದಿದ್ದೀರ, ಅಂದಳು.
ಗುದ್ದಲಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು.

ಆಮೇಲೆ ಒಳಕ್ಕೆ ಬಗ್ಗಿದಳು, ತುಂಬ ಹೊತ್ತು.

‘ನುಚ್ಚು ಕಣವ್ವ. ತಳ ಹಿಡ್ಕಂಡದೆ.
ಒಲೆ ಮ್ಯಾಲಿಟ್ಟು ಯಾರೋ ಮಾತಿಗೆ ನಿಂತವ್ಳೆ.’
ಯಾರ ಹತ್ತಿರ? ಕೇಳಿಬಿಟ್ಟೆ, ಕೆಲಸ ಮರೆತು.
‘ಅದ ನೀವು ಹೇಳ್ಬೇಕು. ಓದ್ಕಂಡಿರೋರು.’

ಕಾಲಂ ಹನ್ನೊಂದು: ಒಳಗಿದ್ದ ವಸ್ತು.
ಉಗುರಿನಷ್ಟು ಕೆರೆದು ಪ್ರಯೋಗಾಲಯಕ್ಕೆ ಕಳಿಸಿದ್ದಾಗಿದೆ,
ವರದಿ ಬರುವ ತನಕ
‘ನುಚ್ಚು’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.
ಮಿಕ್ಕ ಕಪ್ಪನ್ನು ಉಜ್ಜಲಿಲ್ಲ.

ಬಸ್ಸೇನೋ ಬಿಟ್ಟಿ, ಇವತ್ತಿನ ಕೂಲಿ ಹೋಯ್ತು, ಎನ್ನುತ್ತ
ಎದ್ದವಳು ಬಾಗಿಲಲ್ಲಿ ನಿಂತಳು.
ಅವಳ ಅತ್ತೆಯ ಕೈಯ ನುಚ್ಚಿನ ಸಾರು,
ತಾಮ್ರಕ್ಕೆ ಹುಣಸೆಯೋ ಮಜ್ಜಿಗೆಯೋ,
ಮೇಸ್ತ್ರಿಯ ಎರಡನೆಯ ಮದುವೆ,
ನಾನೂ ಗೋಡೆಗೊರಗಿ ನಿಂತೆ.

ನಾಲ್ಕೂವರೆಯ ಬಸ್ಸು ತಪ್ಪಿಹೋಯಿತು.