ಬಿಟ್ಟ ಸ್ಥಳ

ಮೂರನೇ ಪುಟದ ಕೆಳಗೆ, ಮಳೆಯ ಇಂಚು-ಸೆಂಟಿನ ಪಕ್ಕ
ನಾಲ್ಕು ಸಾಲು ಹಾಕಿದ್ದೆ:
ತೋಡಿನ ಮೋರಿಗೆ ಬಿಲ್ಲು ಎರಡು, ಮೋರಿ ಒಂದು.
ಹೋಗಿ ಎಣಿಸಿ ಬಂದದ್ದು. ಒಂದೇ.

ಸಾಹೇಬರ ಮಾನಕ್ಕೆ ಐದು ಕೋಟಿ ಪೆಟ್ಟಾಯಿತಂತೆ.
ಒಂಬತ್ತು ಲಕ್ಷದ ಲೆಕ್ಕದಲ್ಲಿ
ಐವತ್ತೈದು ಮೋರಿಯಾಗುತ್ತದೆ ಅದರಲ್ಲಿ,
ಒಂದೊಂದಕ್ಕೆ ಒಂದೇ ಬಿಲ್ಲಾದರೆ.

ಕೇಸು ಸೋಮವಾರಪೇಟೆಯಲ್ಲಲ್ಲ, ವಿರಾಜಪೇಟೆಯಲ್ಲಿ.
ಅಲ್ಲಿಗೆ ನಮ್ಮ ವಾರಪತ್ರಿಕೆ ಹೋಗುವುದು ಒಂದೇ ಪ್ರತಿ,
ಅವರ ಭಾವನ ಮನೆಗೆ.
ಭಾವ ಓದಿದರಂತೆ, ನೊಂದರಂತೆ.
ಚಂದಾ ಎರಡು ವರ್ಷದಿಂದ ಬಾಕಿ.

ಬೆಳಿಗ್ಗೆ ಆರೂವರೆಯ ಬಸ್ಸು. ಮಡಿಕೇರಿಯಲ್ಲಿಳಿದು ಇನ್ನೊಂದು.
ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತಾರೆ ನನ್ನ ಹೆಸರು,
ಕೂಗಿದರೆ ಸವೆಯುವ ಹೆಸರೇನಲ್ಲ, ಬಿಡಿ.
ಸಾಹೇಬರಿಗೆ ಇವತ್ತು ಜ್ವರ. ಹೋದ ಸಲ ಬೆನ್ನು.
ಮರಳುವಾಗ ಸುಂಟಿಕೊಪ್ಪದಲ್ಲಿ ಬಸ್ಸು ನಿಂತಿತು:
ವಾಲಿಬಾಲ್ ಪಂದ್ಯದ ಮೊದಲ ಚೆಂಡು
ಹಾರಿ ಹಾರಿ ಹೊಡೆಯುತ್ತಿದ್ದರು.

ಆಮೇಲೆ ತಡೆಯಾಜ್ಞೆ. ಹೆಸರೆತ್ತುವಂತಿಲ್ಲ.
ಕಾಳುಮೆಣಸಿನ ವ್ಯಾಪಾರಿ ಸಂಜೆ ಬಂದು
ಜಾಹೀರಾತು ವಾಪಸು ತೆಗೆದುಕೊಂಡ.
‘ನಿಮ್ಮ ಮೇಲೆ ಸಿಟ್ಟಿಲ್ಲ’ ಎಂದ. ಇರಲಿಲ್ಲ, ನಿಜ.
ಚಹಾ ಅರ್ಧ ಬಿಟ್ಟು ಹೋದ.

ಪುಟ ಕಟ್ಟುವ ಜುಬೇದಾ ಕೇಳಿದಳು,
ಹೆಸರಿದ್ದ ಜಾಗ ಏನು ಮಾಡಲಿ?
ಬಿಡು ಎಂದೆ. ಹಾಗೇ ಬಿಟ್ಟಳು:
‘........ ಅವರು ಕಟ್ಟಿಸಿದ ಮೋರಿ’,
ಶಾಲೆಯ ಪ್ರಶ್ನೆಪತ್ರಿಕೆಯ ಹಾಗೆ.

ಶನಿವಾರ ಲೂಕಾಸನ ಕ್ಷೌರದಂಗಡಿಗೆ ಹೋದರೆ
ಬೆಂಚಿನ ಮೇಲಿನ ಪ್ರತಿಯಲ್ಲಿ ಆಗಲೇ ತುಂಬಿಬಿಟ್ಟಿದ್ದಾರೆ.
ಒಂದು ನೀಲಿ ಶಾಯಿ, ಒಂದು ಪೆನ್ಸಿಲು,
ಇನ್ನೊಂದು ಲಾಟರಿಯವನ ಕೆಂಪು.
ಮೂರು ಕೈಬರಹ, ಮೂರು ಹೆಸರು.
ಮೂರರಲ್ಲೂ ಸಾಹೇಬರಿಲ್ಲ.
ಕತ್ತರಿ ನಿಲ್ಲಿಸಿ ಲೂಕಾಸ ಕನ್ನಡಿಯಲ್ಲಿ ನನ್ನನ್ನು ನೋಡಿದ,
‘ಯಾರದು ಸರಿ?’
ನಾನು ಕುತ್ತಿಗೆ ಬಗ್ಗಿಸಿದೆ. ತಡೆಯಾಜ್ಞೆ ಇದೆಯಲ್ಲ.

ಬುಧವಾರ ರಿಜಿಸ್ಟರ್ಡ್ ಅಂಚೆ.
ಸಾಹೇಬರದ್ದಲ್ಲ, ಎದುರು ಪಕ್ಷದವರದ್ದು.
‘ಸದರಿ ಚುಕ್ಕಿಗಳು ನನ್ನ ಕಕ್ಷಿದಾರರನ್ನೇ
ಕುರಿತವೆಂದು ಸಾರ್ವಜನಿಕರು ತಿಳಿದಿರುತ್ತಾರೆ...’
ವಕೀಲ ಪೆಮ್ಮಯ್ಯ ಕನ್ನಡಕ ಏರಿಸಿ ಎಣಿಸಿದರು.
ಎಂಟು ಚುಕ್ಕಿ.
ಒಂದು ಸ್ಪಷ್ಟನೆ ಹಾಕಿ ಮುಗಿಸಿ, ಎಂದರು,
ಇದು ಯಾರ ಕುರಿತದ್ದಲ್ಲ ಎಂದು.

ರಾತ್ರಿ ಕೂತು ಬರೆಯಲು ನೋಡಿದೆ.
ಯಾರ ಕುರಿತದ್ದಲ್ಲ ಎನ್ನುವುದಕ್ಕೆ
ಯಾರ್ಯಾರ ಹೆಸರು ಹಾಕಲಿ?
ಮೂರನೇ ಪುಟ ಸಾಲುವುದಿಲ್ಲ.