ಹದಿನಾಲ್ಕು-ಬಿ

ಎರಡು ವರ್ಷ, ಸೋಮವಾರ ವಾಕ್ಯರಚನೆ, ಮಂಗಳವಾರ ತತ್ವವಿಚಾರ.
ಬೆಟ್ಟದ ಮೇಲಿನ ಕಟ್ಟಡದಲ್ಲಿ ವಾಕ್ಯವನ್ನು ಮರದಂತೆ ಬರೆದೆವು,
ತಲೆಕೆಳಗಾದ ಮರ, ಬೇರು ಮೇಲೆ;
ಕೆಳಗಿನ ಕಟ್ಟಡದಲ್ಲಿ ಕೇಳಿಕೊಂಡೆವು,
ಯಾರೂ ನೋಡದಾಗ ಮೇಜು ಇರುತ್ತದೋ ಇಲ್ಲವೋ.
(ಮೇಜಿನ ಮೇಲೆ ನನ್ನ ಚಹಾ ಆರುತ್ತಿತ್ತು. ಅದಂತೂ ಇತ್ತು.)

"ಎರಡೂ ಓದಿ ಏನಾಗ್ತೀಯೆ?" ಎಂದಿದ್ದ ಬಾರ್ನ್ಸ್‌ಲಿಯ ಅಜ್ಜ;
"ಎರಡೆರಡು ಸಲ ಕೆಲಸವಿಲ್ಲದವಳು"
ಎಂದು ತಾನೇ ಉತ್ತರ ಹೇಳಿ ಕೆಮ್ಮುವಷ್ಟು ನಕ್ಕಿದ್ದ.

ಮೂರನೇ ವರ್ಷ ಕೆಲಸಕ್ಕೆ ಕಳಿಸಿದರು.
ಗೆಳತಿ ರೋವೆನಾ ನಿಘಂಟಿನ ಕಚೇರಿಗೆ,
ಇನ್ನೊಬ್ಬ ಮಾತಾಡುವ ಯಂತ್ರಕ್ಕೆ ಉಚ್ಚಾರ ತಿದ್ದಲು.
ನನಗೆ ಸಿಕ್ಕಿದ್ದು ಶೆಫೀಲ್ಡ್ ನಗರಸಭೆ, ವಸತಿ ವಿಭಾಗ,
ಎರಡನೇ ಮಹಡಿ, ಹೀಟರಿನ ಪಕ್ಕದ ಕುರ್ಚಿ,
ನೂರಾ ಆರು ನಮೂನೆಯ ಪತ್ರ.
"ಜನಕ್ಕೆ ತಿಳಿಯೋ ಹಾಗೆ ಮಾಡು," ಎಂದಳು ಡೊರೀನ್ ಹೇಗ್
ಕನ್ನಡಕ ಹಣೆಗೇರಿಸಿ, "ಆದರೆ ಏನೂ ಬದಲಾಯಿಸಬೇಡ."

ಹದಿನಾಲ್ಕು-ಬಿ ಹೀಗಿತ್ತು:
'ತಾವು ಸದರಿ ಮನೆಯನ್ನು ತೆರವು ಮಾಡಬೇಕಾಗಬಹುದು.'
ಕೊನೆಯ ಪದವನ್ನು ಈರುಳ್ಳಿಯಂತೆ ಬಿಡಿಸಿದೆ.
ಮಾಡು: ಸರಿ.
ಬೇಕು: ಇದು ಆಸೆಯೂ ಹೌದು, ಆಜ್ಞೆಯೂ ಹೌದು;
ಮಗು ಹಾಲು ಬೇಕು ಅಂದದ್ದೂ ಜಡ್ಜು ದಂಡ ಕಟ್ಟಬೇಕು ಅಂದದ್ದೂ ಇದೇ.
ಆಗು: ತಾನೇ ಆಗುತ್ತದೆ, ಮಾಡುವವರಿಲ್ಲ.
ಬಹುದು: ಒಳಗೆ ಬರಬಹುದು, ಮಳೆ ಬರಬಹುದು,
ಬಾಗಿಲಿಗೂ ಮೋಡಕ್ಕೂ ಒಂದೇ ಬಾಲ.
ನಾಲ್ಕು ಪದರ ಸುಲಿದೆ. ಒಳಗೆ ಮನುಷ್ಯರು ಸಿಗಲಿಲ್ಲ.
ಕಣ್ಣುರಿದದ್ದು ಹೀಟರಿಗೆ ಇರಬೇಕು.

ಫೆಬ್ರವರಿಯ ಒಂದು ಗುರುವಾರ
ಆಟರ್‌ಕ್ಲಿಫ್‌ನಿಂದ ಟ್ರಾಮಿನಲ್ಲಿ ಬಂದರು ಸಾಲೆಹ್ ಮುಕ್ಬಿಲ್.
ಯೆಮೆನ್ನಿನ ಬೆಟ್ಟದ ಊರು ಬಿಟ್ಟು ಐವತ್ತು ಚಳಿಗಾಲ,
ಉಕ್ಕಿನ ಕುಲುಮೆಯ ಸದ್ದಿಗೆ ಒಂದು ಕಿವಿ ಕೊಟ್ಟವರು.
ಗಾಜಿನ ಕಿಂಡಿಯೊಳಗೆ ತೂರಿಸಿದರು ಎರಡು ಬೀಗದಕೈ,
"ಇದು ಹಿತ್ತಲಿನದು, ಸ್ವಲ್ಪ ಎತ್ತಿ ತಿರುಗಿಸಬೇಕು.
ಸಾಮಾನು ಕಟ್ಟಿಯಾಯಿತು. ಬೆಕ್ಕನ್ನು ಪಕ್ಕದ ಮನೆಗೆ ಕೊಟ್ಟೆ.
ಎಲ್ಲಿಗೆ ಹೋಗಲಿ, ಹೇಳಿ."

ಆ ಪತ್ರ ಬರೀ ಸೂರಿನ ರಿಪೇರಿಯದು.
ಹತ್ತರಲ್ಲಿ ಒಂಬತ್ತು ಮನೆಯವರು ಕದಲುವುದೇ ಇಲ್ಲ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.
ನಿಜವೇ ಆದ ವಾಕ್ಯ ಒಬ್ಬ ಮುದುಕನಿಂದ ಬೆಕ್ಕು ಬಿಡಿಸಿದರೆ
ಅದನ್ನು ವ್ಯಾಕರಣದ ಮೇಷ್ಟರ ಹತ್ತಿರ ಒಯ್ಯಲೋ,
ನೀತಿ ಕಲಿಸುವ ಮೇಡಮ್ಮಿನ ಹತ್ತಿರವೋ?

ಬೀಗದಕೈ ಹಿಂದಕ್ಕೆ ಕೊಟ್ಟು ವಿಷಯ ಬಿಡಿಸಿ ಹೇಳಿದೆ.
"ಹಾಗಾದರೆ ಮಾರ್ಚಿಗೆ ಸೂರು ಆಗುತ್ತದಾ?"
"ಆಗಬಹುದು," ಎಂದೆ. ನಾಲಿಗೆ ಕಚ್ಚಿಕೊಂಡೆ.
ಅವರು ನಕ್ಕರು. "ನಮ್ಮಲ್ಲೂ ಒಂದು ಮಾತಿದೆಯಮ್ಮ, ಇನ್‌ಶಾ ಅಲ್ಲಾಹ್.
ಆದರೆ ಯಾರನ್ನು ಕೇಳಬೇಕು ಅನ್ನೋದು ಅದರೊಳಗೇ ಇದೆ.
ನಿಮ್ಮದರೊಳಗೆ ಯಾರಿದ್ದಾರೆ?"

ಕರ್ತೃಲೋಪ ಅನ್ನುತ್ತೇವೆ ನಾವು. ಐದು ಅಂಕದ ಪ್ರಶ್ನೆ.
ಲೋಪವಾಗಿ ಎಲ್ಲಿಗೆ ಹೋಗುತ್ತಾನೆ ಕರ್ತೃ?
ಊಟಕ್ಕೆ ಎದ್ದಿರುತ್ತಾನಾ?
ಆ ರಾತ್ರಿ ಎರಡು ಪುಸ್ತಕವನ್ನೂ ತೆರೆಯಲಿಲ್ಲ.

ಶುಕ್ರವಾರ ಹೊಸ ಕರಡು ಇಟ್ಟೆ:
'ಈಗ ನೀವು ಏನೂ ಮಾಡಬೇಕಿಲ್ಲ. ಮನೆಯಲ್ಲೇ ಇರಿ.
ಸೂರು ನೋಡಿದ ಮೇಲೆ, ಕೆಲವು ದಿನ ಬೇರೆ ಕಡೆ ಇರಬೇಕೋ ಬೇಡವೋ,
ನಿರ್ಧರಿಸುವವರು ಡೊರೀನ್ ಹೇಗ್. ಅವರ ಫೋನ್ ನಂಬರು ಕೆಳಗಿದೆ.'

ಓದಿದಳು. ಮತ್ತೆ ಓದಿದಳು.
"ನನ್ನ ಹೆಸರಾ?"
ಹದಿನೆಂಟು ವರ್ಷ ಆ ಪತ್ರ ಕಳಿಸಿದವಳು.
ಕಾನೂನಿನವರು ಒಪ್ಪಲಿಕ್ಕಿಲ್ಲ, ಎಂದಳು. ಕಿಟಕಿ ನೋಡಿದಳು.
ಆಮೇಲೆ ಕನ್ನಡಕ ಮೂಗಿಗಿಳಿಸಿ, ಪೆನ್ನಿನ ಮುಚ್ಚಳ ಕಚ್ಚಿ ತೆಗೆದು,
ಹೆಸರಿನಲ್ಲಿ ನಾನು ಬಿಟ್ಟಿದ್ದ ಒಂದಕ್ಷರ ಸೇರಿಸಿದಳು.

ಬೆಕ್ಕು ವಾಪಸು ಬಂತೋ ಇಲ್ಲವೋ,
ಕೇಳಲು ಮರೆತೆ.