ಮಿಕ್ಸಿ ಪಾಲಾದ ಮೇಲೆ

ಎವುಲಿನಾ ಮುದುಕಿ ಸತ್ತ ಏಳನೆಯ ದಿನ
ಬಲಿಪೂಜೆ ಮುಗಿಸಿ ಬಂದ ಅಕ್ಕತಂಗಿಯರು
ಚಪ್ಪಲಿ ಕೂಡ ಬಿಡದೆ ಪಾಲಿಗೆ ಕೂತರು.
ಮಲಗುವ ಜೋಲಿ ತಂಗಿಗೆ, ಫ್ಯಾನು ಅಕ್ಕನಿಗೆ.
ಸಂತ ಅಂತೋನಿಯ ಗೊಂಬೆಗೆ ಇಬ್ಬರೂ ಕೈ ಚಾಚಲಿಲ್ಲ,
ಇಬ್ಬರಿಗೂ ಗಂಡು ಹುಡುಕಿಕೊಟ್ಟವನು ಅವನೇ ಅಂತೆ.
ಕೊನೆಗೆ ಉಳಿದದ್ದು ಮಿಕ್ಸಿ.
ಮೋಟಾರು ಓಸ್ಮರೀನಾಗೆ,
ಗಾಜಿನ ಜಾರು ದೆವುಜಾಗೆ.
ನ್ಯಾಯ ಅಂದರೆ ನ್ಯಾಯ.
ಸಾಕ್ಷಿಗೆ ಪಕ್ಕದ ಮನೆಯ ನಾನಿದ್ದೆ,
ಕೈಯಲ್ಲಿ ಕಾಫಿ, ಬಾಯಿ ತುಂಬ ಬಿಸ್ಕತ್ತು.

ಆರು ವರ್ಷವಾಯಿತು.

ಶನಿವಾರ, ಎರಡು ಗಂಟೆಯ ಮಳೆ ನಿಂತ ಮೇಲೆ
(ಬೆಲೇಮಿನಲ್ಲಿ ಗಡಿಯಾರ ಕೆಟ್ಟರೂ ಅದು ಕೆಡುವುದಿಲ್ಲ)
ಬಸ್ಸಿಳಿದು ಬರುತ್ತಾಳೆ ದೆವುಜಾ,
ಟವೆಲಿನಲ್ಲಿ ಸುತ್ತಿದ ಜಾರು ಎದೆಗವಚಿ
ಆಸ್ಪತ್ರೆಯಿಂದ ಮನೆಗೆ ಬರುವ ಬಾಣಂತಿಯ ಹಾಗೆ
ಹೊಂಡ ನೋಡಿ, ಹೆಜ್ಜೆ ನೋಡಿ.

ಅಕ್ಕ ಸಂತೆಯಲ್ಲಿ ಹಣ್ಣು ಮಾರುವವಳು.
ಮಾರದೆ ಉಳಿದದ್ದು, ಒಂದು ಮಗ್ಗುಲು ಕಪ್ಪಾದದ್ದು,
ಗಿರಾಕಿಗಳು ಹಿಸುಕಿ ನೋಡಿ ಬಿಟ್ಟು ಹೋದದ್ದು,
ಇದಕ್ಕೆ ಅವೇ ಬೇಕು ಅನ್ನುತ್ತಾಳೆ,
ಚಂದದ ಹಣ್ಣಿಗೆ ರಸ ಎಲ್ಲಿ?
ಅನಾನಸ್ಸಿನ ಕಣ್ಣು ಕೀಳುವುದು ಅವಳು.
ಸಿಪ್ಪೆ ಎಸೆಯುವ ಹಾಗಿಲ್ಲ, ನಾಳೆ ನೆನೆಹಾಕುವುದುಂಟು.
ತಪೆರೆಬಾ ಎಂದರೆ ಅಮಟೆಯ ಕುಲದ ಹಳದಿ ಹಣ್ಣು,
ಓಟೆ ಕಚ್ಚಿದ ಅದರ ತಿರುಳನ್ನು
ಬೆರಳಲ್ಲೇ ಉಜ್ಜಿ ಉಜ್ಜಿ ಬಿಡಿಸುವುದು ತಂಗಿ.
ಗಟ್ಟಿಹಾಲಿನ ಡಬ್ಬಕ್ಕೆ ಮೊಳೆಯಿಂದ ಎರಡು ತೂತು.

ಐಸು ನನ್ನದು.
ಹೆಂಡತಿ ಮೀನು ಇಡುತ್ತಿದ್ದ ಫ್ರೀಜರಿನಲ್ಲಿ
ಈಗ ಐಸೊಂದೇ.
ಮಾರ್ಗರೀನ್ ಡಬ್ಬಿಯ ಆಕಾರದ ಗಡ್ಡೆಯನ್ನು
ಹೊಸ್ತಿಲಿಗೆ ಕುಟ್ಟಿ ಒಡೆದು ಒಯ್ಯುತ್ತೇನೆ.
ಐಸಿಲ್ಲದೆ ಬಂದವನಿಗೆ ಲೋಟವಿಲ್ಲ.

ಕಬ್ಬಿನ ಕಶಾಸಾಗೆ ಅಳತೆ ಇಲ್ಲ.
ಒಂದು ‘ನಮೋ ಮರಿಯ’ ಹೇಳುವಷ್ಟು ಹೊತ್ತು ಬಗ್ಗಿಸು,
ಇಷ್ಟೇ ಮುದುಕಿ ಕಲಿಸಿದ್ದು.
ದೆವುಜಾಳ ಜಪ ಬಹಳ ನಿಧಾನ.
ಅವಳು ಬಗ್ಗಿಸಿದ ವಾರ
ನಾನು ಗೋಡೆ ಹಿಡಿದು ಮನೆ ಸೇರುತ್ತೇನೆ.

ಜಾರು ಮೋಟಾರಿನ ಮೇಲೆ ಕೂರುವಾಗ ‘ಟಕ್’.
ಆಗ ಇಬ್ಬರೂ ಮಾತಿಲ್ಲ.
ಆಮೇಲೆ ಗರ್ರೆಂದು ಮೇಜು ನಡುಗಿ, ಚಮಚ ಉದುರಿ,
ಬೀದಿಯ ನಾಯಿ ಎದ್ದು ಬೊಗಳುತ್ತದೆ.
ಪ್ಯಾಷನ್ ಹಣ್ಣು ಕಡೆಗೆ, ಎರಡೇ ಸುತ್ತು,
ಬೀಜ ಒಡೆಯಿತೋ ಕಹಿ.
‘ಸಾಕು’ ಅನ್ನುತ್ತಾಳೆ ತಂಗಿ.
‘ಇನ್ನೊಂದು’ ಅನ್ನುತ್ತಾಳೆ ಅಕ್ಕ.
ಆ ವಾರದ ಜಗಳಕ್ಕೆ ಅದೇ ನಾಂದಿ.

ಹೋದ ಮಾರ್ಚಿನಲ್ಲಿ ಬಸ್ಸಿನವರ ಮುಷ್ಕರ.
ತಂಗಿ ಹೇಗೆ ಬಂದಾಳು ಎಂದು
ಓಸ್ಮರೀನಾ ಮೋಟಾರನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟು
ತಲೆಯ ಮೇಲೆ ಹೊತ್ತು ಹೊರಟಳು.
ಅರ್ಧ ಗಂಟೆಗೆ ನನ್ನ ಬಾಗಿಲು ಬಡಿದವಳು ದೆವುಜಾ,
ಕಾಲುವೆಯ ಬದಿ ಹಿಡಿದು ನಡೆದೇ ಬಂದಿದ್ದಳು,
ಎದೆಯಲ್ಲಿ ಜಾರು, ಮೊಣಕಾಲತನಕ ಕೆಸರು.
ಫೋನು ಮಾಡು ಅಂದೆ.
‘ಅವಳೇ ಮಾಡಲಿ.’
ಆ ಮನೆಯ ಮೆಟ್ಟಿಲ ಮೇಲೂ
ಇದೇ ಮಾತು ನಡೆದಿರಬೇಕು.
ಐಸು ಕರಗಿ ಬಟ್ಟಲಲ್ಲಿ ನೀರಾಯಿತು,
ಅನಾನಸ್ಸಿಗೆ ಇರುವೆ ಹತ್ತಿತು.
ರಾತ್ರಿ ಎಂಟಕ್ಕೆ ಪೆಟ್ಟಿಗೆ ಹೊತ್ತವಳು ತಿರುಗಿ ಬಂದಳು.
ಯಾರೂ ಯಾರನ್ನೂ ಏನೂ ಕೇಳಲಿಲ್ಲ.
ಬಿಸಿ ಬಿಸಿಯಾಗಿಯೇ ಕುಡಿದೆವು, ಇರುವೆ ಸೋಸಿ.

ಮೊನ್ನೆ ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡೆ,
ಅದೇ ಕಂಪನಿಯ ಜಾರು, ಹಿಡಿ ತುಸು ಮುಕ್ಕು.
ನಲವತ್ತು ರೆಯಾಯಿಸ್ ಅಂದ.
ಚೌಕಾಸಿ ಮಾಡಿ ಇಪ್ಪತ್ತೆಂಟಕ್ಕೆ ಇಳಿಸಿ,
ಬೆಳಕಿಗೆ ಹಿಡಿದು ಬಿರುಕು ಹುಡುಕಿ, ಸಿಗದೆ,
ಬೇಡ ಎಂದು ಕೆಳಗಿಟ್ಟು ಬಂದೆ.
ಬೈದ. ಬೈಯಲಿ.
ಮನೆಗೆ ಬಂದು ಮಾರ್ಗರೀನ್ ಡಬ್ಬಿಗಳಿಗೆ ನೀರು ತುಂಬಿದೆ,
ಈ ಸಲ ಮೂರರ ಬದಲು ನಾಲ್ಕು.